ಫ್ಲೈಟ್ ಹತ್ತೋ ಮುಂಚೆ ಅಲ್ಲೊಬ್ಬರು ನಮ್ಮೋರು ಗೊತ್ತಿರ್ಬೇಕು

ಮಂಗಳೂರು, ಉಡುಪಿ, ಭಟ್ಕಳ ಕಡೆಯೋರು ಗಲ್ಫ್‌ಗೆ ಹೋಗೋದಕ್ಕೂ ನಮ್ಮ ಮಂಡ್ಯ ಮೈಸೂರು ಕಡೆಯೋರು ಹೋಗೋದಕ್ಕೂ ತುಂಬಾ ವ್ಯತ್ಯಾಸ ಇದೆ. ಅವ್ರಿಗೆ ಅಲ್ಲಿ ಚಿಕ್ಕಪ್ಪನೋ ಭಾವನೋ ಪಕ್ಕದ್ಮನೆ ಹುಡುಗನೋ ಯಾರಾದ್ರೂ ಮೊದ್ಲೇ ಇರ್ತಾರೆ, ಕಂಪನಿ ಹೆಂಗೆ, ಸಂಬಳ ಟೈಮ್‌ಗೆ ಬರುತ್ತಾ, ರೂಮಲ್ಲಿ ಎಷ್ಟು ಜನ, ಎಲ್ಲಾ ಒಂದು ಫೋನಲ್ಲಿ ಗೊತ್ತಾಗುತ್ತೆ. ನಮ್ಮೋರಿಗೆ ಗೊತ್ತಿರೋದು ಏಜೆಂಟ್ ಒಬ್ಬನೇ. ಅವ್ನು ಹೇಳಿದ್ದೇ ವೇದ.

ನಾನು ಮಂಡ್ಯದವಳು, ಮಸ್ಕತ್‌ನಲ್ಲಿ ನರ್ಸಾಗಿದ್ದೆ, ಈಗ ಮೈಸೂರಲ್ಲಿದೀನಿ. ನರ್ಸ್‌ಗಳು ಹೋಗೋದು ಡೇಟಾಫ್ಲೋ ಅನ್ನೋ ಸರ್ಟಿಫಿಕೇಟ್ ಪರಿಶೀಲನೆ, ಪ್ರೊಮೆಟ್ರಿಕ್ ಪರೀಕ್ಷೆ ಎಲ್ಲಾ ಮುಗಿಸ್ಕೊಂಡು, ಹಂಗಾಗಿ ನಮಗೆ ಪೇಪರ್ ಓದಿ ಅಭ್ಯಾಸ. ಮನೆಕೆಲಸಕ್ಕೆ ಹೋಗೋ ಹೆಂಗಸರಿಗೆ ಆ ಭಾಗ್ಯ ಇಲ್ಲ. ವಾರ್ಡಿಗೆ ಬರೋರು, ಬಿಪಿ, ಕೈ ಸುಟ್ಕೊಂಡಿರೋದು, ಊಟ ನಿದ್ದೆ ಇಲ್ದೆ ತಲೆ ಸುತ್ತಿ ಬಿದ್ದಿರೋದು, ಪಕ್ಕದಲ್ಲೇ ಕೆಲಸದ ಮನೆ ಮೇಡಂ ನಿಂತಿರೋಳು, ನಾನು ಕನ್ನಡದಲ್ಲಿ ಮಾತಾಡಿಸಿದ ತಕ್ಷಣ ಅಳೋಕೆ ಶುರು. ಅವ್ರಲ್ಲಿ ಕೆಲವ್ರು ತಾವಿನ್ನೂ ದುಬೈನಲ್ಲೇ ಇದೀವಿ ಅಂದ್ಕೊಂಡಿದ್ರು! ವಿಸಿಟ್ ವೀಸಾದಲ್ಲಿ ದುಬೈಗೆ ಇಳ್ಸಿ, ಅಲ್ಲೆಲ್ಲೋ ಮನೆಗಳಿಗೆ ಕೆಲಸದೋರನ್ನ ಕೊಡೋ ಒಂದು ಆಫೀಸಲ್ಲಿ ಕೂರ್ಸಿ, ಅಲ್ಲಿಂದ ಅಲ್ ಐನ್, ಬುರೈಮಿ ದಾಟ್ಸಿ ರೋಡಲ್ಲೇ ಒಮಾನ್‌ಗೆ ಕರ್ಕೊಂಡು ಬಂದಿರ್ತಾರೆ, ಇವ್ರಿಗೆ ಗಡಿ ದಾಟಿದ್ದೂ ಗೊತ್ತಿರಲ್ಲ.

ನಾನು ವಾಪಸ್ ಬಂದ್ಮೇಲೆ ಅಲ್ಲೇ ಇರೋ ಸ್ನೇಹಿತರನ್ನ ಸೇರಿಸ್ಕೊಂಡು ಒಂದು ವಾಟ್ಸಾಪ್ ಗ್ರೂಪ್ ಮಾಡಿದ್ವಿ. ಮಸ್ಕತ್‌ನಲ್ಲಿ ಇಬ್ಬರು ನರ್ಸ್, ದುಬೈನಲ್ಲಿ ಕೆ.ಆರ್. ಪೇಟೆ ಕಡೆಯ ಡ್ರೈವರ್ ಒಬ್ಬರು, ಕುವೈತ್‌ನಲ್ಲಿ ಕುಂದಾಪುರದ ಹೋಟೆಲ್ ಕ್ಯಾಷಿಯರ್, ಹಿಂಗೆ. ಸಂಘ ಗಿಂಘ ಏನಿಲ್ಲ, ಬೋರ್ಡಿಲ್ಲ. ಗಲ್ಫ್‌ನಲ್ಲಿ ಕನ್ನಡ ಸಂಘಗಳು ಇಲ್ವಾ ಅಂತ ಕೇಳ್ತೀರ, ಇವೆ, ರಾಜ್ಯೋತ್ಸವ ಜೋರಾಗಿ ಮಾಡ್ತಾರೆ, ಕಷ್ಟ ಅಂತ ಹೋದ್ರೆ ಸಹಾಯನೂ ಮಾಡ್ತಾರೆ. ಆದ್ರೆ ಮನೆ ಒಳಗೆ ಬೀಗ ಹಾಕಿರೋ ಹೆಂಗಸು ಸಂಘದ ಫಂಕ್ಷನ್‌ಗೆ ಎಲ್ಲಿಂದ ಬರ್ತಾಳೆ? ಅವಳಿಗೆ ಇಲ್ಲಿಂದ ಹೊರಡೋ ಮುಂಚೆನೇ ಸಿಗ್ಬೇಕು.

ಹಂಗಾಗಿ ನಮ್ಮ ಕೆಲಸದಲ್ಲಿ ಮುಕ್ಕಾಲು ಭಾಗ ಇಲ್ಲೇ. ಯಾರೋ ಒಬ್ರು ಹೇಳಿ ಕಳಿಸ್ತಾರೆ, ಹೋಗೋಳು ಸಾಮಾನ್ಯವಾಗಿ ಹೊರಡೋಕೆ ನಾಕು ದಿನ ಇರೋವಾಗ ಬರ್ತಾಳೆ, ಅಷ್ಟೊತ್ತಿಗೆ ಮನೆಲಿ ಎಲ್ರಿಗೂ ಹೇಳಿ ಆಗಿರುತ್ತೆ, ಮಹಿಳಾ ಸಂಘದ ಸಾಲದ ಕಂತು ಗಲ್ಫ್ ದುಡ್ಡಲ್ಲಿ ಕಟ್ತೀನಿ ಅಂತ ಲೆಕ್ಕ ಹಾಕಿರ್ತಾಳೆ. ಅವಳಿಗೆ 'ಹೋಗ್ಬೇಡ' ಅಂದ್ರೆ ಮುಗೀತು, ಮತ್ತೆ ಫೋನ್ ಎತ್ತಲ್ಲ. 'ಬ್ಯಾಡ ಅನ್ನಕ್ಕೆ ನೀನ್ಯಾರಕ್ಕ, ನೀನೋಗಿ ದುಡ್ಕೊಂಡು ಬರ್ನಿಲ್ವಾ' ಅಂತ ಮುಖದ ಮೇಲೆ ಕೇಳ್ದೋರಿದಾರೆ, ನ್ಯಾಯವಾದ ಪ್ರಶ್ನೆನೇ ಅದು. ಅದಕ್ಕೆ ನಾನು ಹೋಗ್ಬೇಡ ಅನ್ನಲ್ಲ. ವೀಸಾ ಕಾಪಿ ತೋರ್ಸವ್ವ, ಒಟ್ಟಿಗೆ ಓದೋಣ ಅಂತೀನಿ.

ಅಲ್ಲೇ ಅರ್ಧ ಕಥೆ ಗೊತ್ತಾಗೋದು. ಮೊದಲನೇದಾಗಿ ಕಾಪಿನೇ ಇರಲ್ಲ, 'ಏರ್‌ಪೋರ್ಟಲ್ಲಿ ಕೊಡ್ತಾರಂತೆ'. ಯಾಕೆ ಏರ್‌ಪೋರ್ಟಲ್ಲಿ, ಯಾಕಂದ್ರೆ ಓದೋರ ಕೈಗೆ ಸಿಗಬಾರ್ದು ಅಂತ. ಬೆಂಗಳೂರಿಗೆ ಫ್ಲೈಬಸ್ ಹತ್ತೋ ಮುಂಚೆ ಕಾಪಿ ಬರ್ಲಿಲ್ಲ ಅಂದ್ರೆ ಹೊರಡ್ಬೇಡ ಅನ್ನೋದು ಒಂದನ್ನ ಮಾತ್ರ ನಾನು ಗಟ್ಟಿಯಾಗಿ ಹೇಳ್ತೀನಿ. ಬಂದ್ರೆ ಅದ್ರಲ್ಲಿ ಟೂರಿಸ್ಟ್ ಅಂತಲೋ ವಿಸಿಟ್ ಅಂತಲೋ ಇರುತ್ತೆ, 30 ದಿನ ಇಲ್ಲಾ 60 ದಿನ, ಸ್ಪಾನ್ಸರ್ ಜಾಗದಲ್ಲಿ ಯಾವ್ದೋ ಟ್ರಾವೆಲ್ ಏಜೆನ್ಸಿ. ಅದು ಕೆಲಸದ ವೀಸಾ ಅಲ್ಲ, 'ಅಲ್ಲಿ ಹೋದ್ಮೇಲೆ ಚೇಂಜ್ ಮಾಡಿಸ್ತಾರೆ' ಅನ್ನೋದು ಏಜೆಂಟ್‌ನ ಬಾಯಿಮಾತು. ಗಂಡಸರಿಗಾದ್ರೆ ಇದೇ ಥರ 'ಆಜಾದ್ ವೀಸಾ', ಯಾರ ಹತ್ರ ಬೇಕಾದ್ರೂ ಕೆಲಸ ಮಾಡ್ಬೋದು ಅಂತಾರೆ, ಅಂಥ ವೀಸಾ ಯಾವ ಗಲ್ಫ್ ದೇಶದ ಕಾನೂನಲ್ಲೂ ಇಲ್ಲ, ಹೆಸರಿಗೊಬ್ಬ ಕಫೀಲ್, ಅಂದ್ರೆ ಸ್ಪಾನ್ಸರ್, ಇರ್ತಾನೆ, ಅವ್ನು 'ನನ್ನ ಕೆಲಸದೋನು ಓಡಿಹೋದ' ಅಂತ ಕಂಪ್ಲೇಂಟ್ ಕೊಟ್ರೆ ಮುಗೀತು.

ವಿಸಿಟ್ ವೀಸಾದಲ್ಲೇ ಯಾಕೆ ಕಳಿಸ್ತಾರೆ ಅನ್ನೋದಕ್ಕೆ ಕಾರಣನೂ ಹೇಳ್ತೀನಿ. ಹತ್ತನೇ ಕ್ಲಾಸ್ ಪಾಸಾಗ್ದೇ ಇದ್ರೆ ಪಾಸ್‌ಪೋರ್ಟ್ ಇಸಿಆರ್ (ಎಮಿಗ್ರೇಷನ್ ಚೆಕ್ ರಿಕ್ವೈರ್ಡ್) ಆಗುತ್ತೆ, ಅಂಥೋರು ಗಲ್ಫ್ ಸೇರಿ 18 ದೇಶಕ್ಕೆ ಕೆಲಸಕ್ಕೆ ಹೋಗ್ಬೇಕಂದ್ರೆ ಸರ್ಕಾರದ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು, ಇದು 1983ರ ಕಾಯ್ದೆ. ಹೆಂಗಸರಿಗೆ ಇನ್ನೂ ಬಿಗಿ, 30 ವರ್ಷ ಆಗಿರ್ಬೇಕು, 2016ರಿಂದ ಅಂತೂ ಸರ್ಕಾರಿ ಏಜೆನ್ಸಿ ಮೂಲಕನೇ ಹೋಗ್ಬೇಕು. ವಿಸಿಟ್ ವೀಸಾಗೆ ಮಾತ್ರ ಕ್ಲಿಯರೆನ್ಸ್ ಬೇಡ, ಹಂಗಾಗಿ ಎಲ್ಲಾ ಏಜೆಂಟ್‌ಗಳೂ ಆ ಬಾಗಿಲಲ್ಲೇ ನುಗ್ಗಿಸ್ತಾರೆ. ರೂಲ್ ಮಾಡಿದ್ದು ಒಳ್ಳೇದಕ್ಕೇ, ಆದ್ರೆ ಬಿಗಿ ಮಾಡಿದಷ್ಟೂ ಕಳ್ಳದಾರಿ ಜಾಸ್ತಿ ಆಯ್ತು ಅನ್ನೋದು ನನ್ನ ಅಭಿಪ್ರಾಯ, ಬೇರೆಯೋರು ಒಪ್ಪದೆ ಇರ್ಬೋದು. ಸರಿಯಾದ ದಾರಿಲಿ ಹೋದ್ರೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಇನ್ಶೂರೆನ್ಸ್ ಇರುತ್ತೆ, ಎರಡು ವರ್ಷಕ್ಕೆ 275 ರೂಪಾಯಿ, ಅಪಘಾತದಲ್ಲಿ ಸತ್ರೆ 10 ಲಕ್ಷ. ವಿಸಿಟ್‌ನಲ್ಲಿ ಹೋದೋಳು ಇಂಡಿಯಾದ ಯಾವ ಲೆಕ್ಕದಲ್ಲೂ ಇರಲ್ಲ.

ದುಡ್ಡಿನ ವಿಷಯದಲ್ಲಿ ಒಂದು ವಿಚಿತ್ರ ಇದೆ. ಗಂಡು ಹುಡುಗ್ರ ಹತ್ರ ಏಜೆಂಟ್ ಲಕ್ಷಗಟ್ಲೆ ಕೇಳ್ತಾನೆ, ರಿಜಿಸ್ಟರ್ ಆಗಿರೋ ಏಜೆಂಟ್ ತಗೋಬೇಕಾಗಿರೋದು 30,000 ಮತ್ತು ಜಿಎಸ್‌ಟಿ ಅಷ್ಟೇ, ರಿಜಿಸ್ಟರ್ ಆಗಿದೆಯೋ ಇಲ್ವೋ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಲ್ಲಿ ಎರಡು ನಿಮಿಷಕ್ಕೆ ನೋಡ್ಬೋದು, ಅದು ಸುಲಭ. ಆದ್ರೆ ಹೆಂಗಸರ ಹತ್ರ ಒಂದ್ರೂಪಾಯಿ ಕೇಳಲ್ಲ! ಟಿಕೆಟ್ ನಮ್ದೇ, ವೀಸಾ ನಮ್ದೇ, ಮೇಲೆ ಮನೆಗೆ ಖರ್ಚಿಗೆ ಅಂತ ಹತ್ತೋ ಇಪ್ಪತ್ತೋ ಸಾವಿರನೂ ಕೊಡ್ತಾನೆ. ಎಲ್ರೂ ಇದನ್ನ ನೋಡಿ 'ಎಂಥ ಒಳ್ಳೆ ಮನುಷ್ಯ' ಅಂತಾರೆ, ನನಗೆ ಹೊಟ್ಟೆಲಿ ಕಲಸುತ್ತೆ. ಅವ್ನಿಗೆ ದುಡ್ಡು ಆ ಕಡೆ ಆಫೀಸಿಂದ ಬಂದಿರುತ್ತೆ, ಆಫೀಸ್‌ಗೆ ಕೆಲಸಕ್ಕಿಟ್ಕೊಳ್ಳೋ ಮನೆಯೋರಿಂದ. ಆಮೇಲೆ ಇವಳು ಆಗಲ್ಲ ವಾಪಸ್ ಹೋಗ್ತೀನಿ ಅಂದ ದಿನ 'ನಿನ್ ಮೇಲೆ ಇಷ್ಟು ಲಕ್ಷ ಹಾಕಿದೀವಿ, ಕಟ್ಟಿ ಹೋಗು' ಅಂತಾರೆ. ಫ್ರೀ ಅಂದ್ರೆ ಇನ್ನೂ ಜಾಸ್ತಿ ಪ್ರಶ್ನೆ ಕೇಳಿ, ನಾನಂತೂ ಇದನ್ನ ಎಲ್ಲಾ ಕಡೆ ಹೇಳ್ತೀನಿ.

ಇಷ್ಟೆಲ್ಲಾ ಕೇಳಿನೂ ಸುಮಾರು ಜನ ಹೋಗ್ತಾರೆ. ಹೋಗೋಳಿಗೆ ಆ ಊರಲ್ಲಿರೋ ನಮ್ಮ ಒಬ್ರ ನಂಬರ್ ಕೊಡ್ತೀವಿ, ಕೊಡೋದಲ್ಲ, ಬಾಯಿಪಾಠ ಮಾಡಿಸ್ತೀವಿ, ಯಾಕಂದ್ರೆ ಆಫೀಸಲ್ಲಿ ಮೊದ್ಲು ಕಿತ್ಕೊಳ್ಳೋದೇ ಫೋನ್. ದುಬೈ ಆದ್ರೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಟೋಲ್ ಫ್ರೀ ನಂಬರ್ 80046342, ಅದೂ ಬಾಯಲ್ಲಿರ್ಬೇಕು. ಪಾಸ್‌ಪೋರ್ಟ್, ವೀಸಾ, ಟಿಕೆಟ್ ಫೋಟೋ ಮನೆಯೋರ ಫೋನಲ್ಲಿ ಒಂದ್ಸಲ, ಗ್ರೂಪಲ್ಲಿ ಅಲ್ಲ ನನ್ನ ಪರ್ಸನಲ್‌ಗೆ ಒಂದ್ಸಲ.

ಇಳಿದ್ಮೇಲೆ ಕೆಲಸದ ಮನೆ ಸೇರಿದ ತಕ್ಷಣ ಲೊಕೇಶನ್ ಕಳಿಸ್ಬೇಕು. ಇದು ನನಗೆ ಎಲ್ಲಕ್ಕಿಂತ ಮುಖ್ಯ. ಕಷ್ಟ ಅಂತ ಫೋನ್ ಬರುತ್ತೆ, ಎಲ್ಲಿದೀಯ ಅಂದ್ರೆ 'ದೊಡ್ ಮನೆ, ಬಿಳೀ ಗೇಟು' ಅಂತಾಳೆ, ಗಲ್ಫ್ ಪೂರ್ತಿ ಬಿಳೀ ಗೇಟೇ. ಪೊಲೀಸ್ ಆಗ್ಲಿ ಎಂಬೆಸಿ ಆಗ್ಲಿ ಏನ್ ಮಾಡ್ತಾರೆ. ದುಬೈನಲ್ಲಿ ಬಿಲ್ಡಿಂಗ್ ಬಾಗಿಲ ಹತ್ರ ಮಕಾನಿ ಅಂತ ಹತ್ತು ಅಂಕಿ ನಂಬರ್ ಪ್ಲೇಟ್ ಇರುತ್ತೆ, ಓದೋಕೆ ಬರೋಳು ಅದನ್ನ ಹೇಳಿದ್ರೂ ಸಾಕು. ಇನ್ನೊಂದು, ದುಬೈನಲ್ಲಿ ವಾಟ್ಸಾಪ್ ಕಾಲ್ ಹೋಗಲ್ಲ, ವಾಯ್ಸ್ ಮೆಸೇಜ್ ಹೋಗುತ್ತೆ, ಇದು ಗೊತ್ತಿಲ್ದೆ ಮನೆಯೋರು ಕಾಲ್ ಕನೆಕ್ಟ್ ಆಗ್ತಿಲ್ಲ ಅಂತ ಗಾಬರಿಯಾಗಿ ಏಜೆಂಟ್ ಕಾಲಿಗೆ ಬೀಳ್ತಾರೆ.

ವಾಯ್ಸ್ ಮೆಸೇಜ್‌ಗೆ ಒಂದು ಗುಟ್ಟಿನ ಮಾತೂ ಇಟ್ಕೊಳಿ ಅಂತೀವಿ. ಕನ್ನಡ ಯಾರಿಗೆ ಅರ್ಥ ಆಗುತ್ತೆ ಅನ್ಬೇಡಿ, ಆ ಆಫೀಸ್‌ಗಳಲ್ಲಿ ನಮ್ ಕಡೆ ಭಾಷೆ ಬರೋರನ್ನ ಇಟ್ಕೊಂಡೇ ಇರ್ತಾರೆ. ಒಬ್ಬಳು ಕಷ್ಟ ಬಂದ್ರೆ 'ಹಸ ಕರ ಹಾಕ್ತಾ' ಅಂತ ಕೇಳ್ತೀನಿ ಅಂದಿದ್ಲು, ಅವ್ರ ಮನೆಲಿ ಹಸುನೇ ಇಲ್ಲ. ಆ ಮೆಸೇಜ್ ಬಂದಾಗ ಅವಳ ಅಣ್ಣ ನನಗೆ ಫೋನ್ ಮಾಡ್ದ, ಲೊಕೇಶನ್ ಇತ್ತು, ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್‌ನಲ್ಲಿ ಕಂಪ್ಲೇಂಟ್ ಹಾಕಿದ್ವಿ, ಅಲ್ಲಿಂದ ನಮ್ಮ ನರ್ಸ್ ಎಂಬೆಸಿಗೆ ಹೇಳಿದ್ಲು. ಟಿಕೆಟ್‌ಗೆ ದುಡ್ಡು ಇಂಡಿಯನ್ ಕಮ್ಯುನಿಟಿ ವೆಲ್‌ಫೇರ್ ಫಂಡ್ ಅಂತ ಇದೆ, 2009ರಿಂದ, ರಾಯಭಾರ ಕಚೇರಿಗಳೇ ಅದ್ರಿಂದ ಕೊಡ್ತಾರೆ, ನಾವು ಚಂದಾ ಎತ್ತಬೇಕಾಗಿಲ್ಲ. ಎತ್ತಲೂಬಾರ್ದು, ಯುಎಇನಲ್ಲಿ ಪರ್ಮಿಷನ್ ಇಲ್ದೆ ದುಡ್ಡು ಕಲೆಕ್ಟ್ ಮಾಡೋದು ಅಪರಾಧ.

ಆ ಕಡೆ ಇರೋ ನಮ್ಮೋರಿಗೆ ಇನ್ನೊಂದು ಕಟ್ಟುನಿಟ್ಟು, ತಪ್ಪಿಸ್ಕೊಂಡು ಬಂದೋಳನ್ನ ಮನೆಲಿ ಇಟ್ಕೊಳಂಗಿಲ್ಲ. ಕೇಳೋಕೆ ಕಲ್ಲು ಮನಸ್ಸು ಅನ್ಸುತ್ತೆ, ಆದ್ರೆ ಓಡಿಬಂದೋರಿಗೆ ಜಾಗ ಕೊಟ್ರೆ ಜಾಗ ಕೊಟ್ಟೋನ ಮೇಲೇ ಕೇಸು, ಅವ್ನ ಕೆಲಸ, ವೀಸಾ ಎಲ್ಲಾ ಹೋಗುತ್ತೆ. ಟ್ಯಾಕ್ಸಿ ಹತ್ಸಿ ಎಂಬೆಸಿಗೋ ಕಾನ್ಸುಲೇಟ್‌ಗೋ ಕರ್ಕೊಂಡು ಹೋಗಿ, ಬಾಗಿಲಲ್ಲೇ ಬಿಟ್ಟು ಬರಬೇಡಿ, ಒಳಗೆ ಹೋಗೋತನಕ ನಿಂತಿರಿ.

ಗುಂಪಾಗಿ ಇದ್ರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಹುಣಸೂರಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರನ್ನ ನೋಡಿ. 2023 ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ಗಿಡಮೂಲಿಕೆ ಎಣ್ಣೆ ಮಾರೋಕೆ ಹೋಗಿದ್ದೋರು ಸಿಕ್ಕಾಕೊಂಡ್ರು, ಆದ್ರೆ ಯಾರು ಎಲ್ಲಿದಾರೆ ಅಂತ ಅವ್ರಿಗೆ ಅವ್ರೇ ಗೊತ್ತಿತ್ತು, ಊರಿಗೆ ಫೋನ್ ಬಂತು, ಊರಿಂದ ಸರ್ಕಾರಕ್ಕೆ ಹೋಯ್ತು, ಆಪರೇಷನ್ ಕಾವೇರಿಯಲ್ಲಿ ಕರ್ಕೊಂಡು ಬಂದ್ರು. ಒಬ್ಬೊಬ್ರೇ ಹೋಗೋ ನಮ್ಮ ಡಿಪ್ಲೊಮಾ ಹುಡುಗ್ರ ಕಥೆ ಬೇರೆ, ಬ್ಯಾಂಕಾಕ್‌ನಲ್ಲಿ ಡೇಟಾ ಎಂಟ್ರಿ ಅಂತ ಹೋಗಿ ಮಯನ್ಮಾರ್ ಗಡಿಲಿ ಸೈಬರ್ ವಂಚನೆ ಕೆಲಸಕ್ಕೆ ಕೂರ್ಸಿರೋರು. 2025 ಮಾರ್ಚ್‌ನಲ್ಲಿ ಏರ್‌ಫೋರ್ಸ್ ವಿಮಾನದಲ್ಲಿ ಎರಡೇ ದಿನಕ್ಕೆ 549 ಇಂಡಿಯನ್ಸ್ ವಾಪಸ್ ಬಂದ್ರಲ್ಲ, ಅಂಥ ಜಾಗ. ಅಲ್ಲಿ ನಮ್ಮ ಗ್ರೂಪ್‌ನೋರು ಯಾರೂ ಇಲ್ಲ, ಥಾಯ್ಲೆಂಡ್ ಅಂದ್ರೆ ನಾನು ಹೋಗಿ ಅಂತಲೂ ಹೇಳಲ್ಲ, ಒಟ್ಟಿಗೆ ಓದೋಣ ಅಂತಲೂ ಅನ್ನಲ್ಲ, ನೇರ ಬೇಡ ಅಂತೀನಿ.

ಈಗೀಗ ನನಗಿಂತ ಚೆನ್ನಾಗಿ ಕೆಲಸ ಮಾಡ್ತಿರೋದು ವಾಪಸ್ ಬಂದ ಹೆಂಗಸರು. ನಾನು ಕಾಯ್ದೆ ಹೇಳ್ತೀನಿ, ಅವ್ರು 'ಬೆಳಗ್ಗೆ ಐದಕ್ಕೆದ್ರೆ ರಾತ್ರಿ ಒಂದಕ್ಕೆ ಕನವ್ವ ಮಲಗದು, ರಂಜಾನ್‌ನಲ್ಲಿ ಅದೂ ಇಲ್ಲ' ಅಂತಾರೆ, ಹೋಗೋಳು ಅದನ್ನ ಬಾಯಿ ಮುಚ್ಕೊಂಡು ಕೇಳ್ತಾಳೆ. ಅವ್ರಲ್ಲಿ ಒಬ್ಬರು ವಾಪಸ್ ಕುವೈತ್‌ಗೇ ಹೋಗ್ಬೇಕು ಅಂತಿದಾರೆ, ಈ ಸಲ ಇ-ಮೈಗ್ರೇಟ್‌ನಲ್ಲಿ ಕಾಂಟ್ರಾಕ್ಟ್ ಬಂದ್ರೇನೇ ಅಂತೆ, ಏಜೆಂಟ್ ದಿನಾ ಫೋನ್ ಮಾಡ್ತಾನೆ, ಇವ್ರು ಲೈಸೆನ್ಸ್ ನಂಬರ್ ಹೇಳಪ್ಪ ಅಂತ ಕೇಳಿ ಕಟ್ ಮಾಡ್ತಾರೆ.