ಓದಿನಲ್ಲಿ ಮುಳುಗಿದವರನ್ನು ಜಲವರ್ಣದಲ್ಲಿ ಬಿಡಿಸುವ ಕ್ರಮ

ಓದುವವರ ಚಿತ್ರ ಹೆಚ್ಚಾಗಿ ಕೆಡುವುದು ಕಣ್ಣಿನ ಹತ್ತಿರ. ಚೆನ್ನಾಗಿ ಕಾಣಲಿ ಎಂದು ಕಣ್ಣನ್ನು ಅರಳಿಸಿದರೆ, ಪುಸ್ತಕ ಹಿಡಿದು ಫೋಟೊಗೆ ಕೂತವರ ಚಿತ್ರವಾಗಿಬಿಡುತ್ತದೆ. ತಲ್ಲೀನತೆ ಕಾಣಿಸುವುದು ಬಾಗಿದ ತಲೆ, ಪುಟ, ಹಿಡಿದ ಕೈ ಈ ಮೂರೂ ಒಂದಕ್ಕೊಂದು ಹೊಂದಿಕೊಂಡಿರುವ ರೀತಿಯಲ್ಲಿ. 1770ರ ಸುಮಾರಿಗೆ ಫ್ರೆಂಚ್ ಚಿತ್ರಕಾರ ಫ್ರಾಗೊನಾರ್ ಬಿಡಿಸಿದ ಓದುವ ಹುಡುಗಿಯ ಚಿತ್ರ ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದರ ಎಕ್ಸ್-ರೇ ತೆಗೆದಾಗ ಕೆಳಪದರದಲ್ಲಿ ನೋಡುಗರತ್ತ ತಿರುಗಿದ ಬೇರೊಂದು ಮುಖ ಸಿಕ್ಕಿತು. ಅದನ್ನು ಮುಚ್ಚಿ ಆತ ಪುಸ್ತಕದತ್ತ ಬಾಗಿದ ಪಕ್ಕನೋಟದ ಮುಖ ಬಿಡಿಸಿದ್ದ.

ಬೆಂಗಳೂರಿನಲ್ಲಿ ಮಾದರಿಗಳಿಗೆ ಬರವಿಲ್ಲ. ಶನಿವಾರ ಬೆಳಗ್ಗೆ ಕಬ್ಬನ್ ಪಾರ್ಕಿನಲ್ಲಿ ಚಾಪೆ ಹಾಸಿಕೊಂಡು ಮೌನವಾಗಿ ಓದುವವರು ಕೂತವರು, ಒರಗಿದವರು, ಬೋರಲು ಮಲಗಿದವರು ಎಂದು ಎಲ್ಲ ಭಂಗಿಯಲ್ಲೂ ಸಿಗುತ್ತಾರೆ. ಗುರುತು ಹಿಡಿಯುವಂತೆ ಮುಖ ಬಿಡಿಸುವುದಾದರೆ ಒಂದು ಮಾತು ಕೇಳಿಬಿಡಿ. ಪಾರ್ಕಿನೊಳಗಿನ ಕೆಂಪು ಗ್ರಂಥಾಲಯದಲ್ಲಿ ಸಿಬ್ಬಂದಿಯ ಅನುಮತಿ ಪಡೆದೇ ಕೂರಿ, ಅಲ್ಲಿ ಪೆನ್ಸಿಲ್ ಮಾತ್ರ ಸಾಕು. ಬೆಳಕು ಓರೆಯಾಗಿರುವ 7ರಿಂದ 9.30ರೊಳಗೆ ಕೆಲಸ ಶುರುಮಾಡಿ. ನಡುಹಗಲಲ್ಲಿ ಎಲೆಗಳ ಸಂದಿಯ ಬಿಸಿಲು ಮುಖದ ಮೇಲೆ ಚುಕ್ಕಿ ಚುಕ್ಕಿಯಾಗಿ ಬಿದ್ದು ಆಕಾರವನ್ನೇ ಒಡೆಯುತ್ತದೆ.

ಸಾಮಾನು: 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ತರಿತರಿಯಾದ ಕಾಗದ ಎ4 ಅಳತೆಯದು, 2ಬಿ ಪೆನ್ಸಿಲ್, 4 ಮತ್ತು 10ನೇ ನಂಬರಿನ ದುಂಡು ಬ್ರಷ್. ಬಣ್ಣ ನಾಲ್ಕೇ: ಯಲ್ಲೋ ಓಕರ್ (ಮಣ್ಣಿನ ಹಳದಿ), ಬರ್ನ್ಟ್ ಸಿಯೆನಾ (ಕೆಂಗಂದು), ಅಲಿಝರಿನ್ ಕ್ರಿಮ್ಸನ್ (ಗಾಢ ಕೆಂಪು), ಅಲ್ಟ್ರಾಮರೀನ್ (ಕಡುನೀಲಿ). ಕಪ್ಪು ಬೇಡ, ಸಿಯೆನಾಗೆ ಅಲ್ಟ್ರಾಮರೀನ್ ಬೆರೆಸಿದರೆ ಕೂದಲಿಗೆ ಬೇಕಾದ ಗಾಢ ಬಣ್ಣ ಬರುತ್ತದೆ.

ಮೊದಲ ಗೆರೆ ಮುಖದ್ದಲ್ಲ. ಕಣ್ಣಿನಿಂದ ಪುಟದವರೆಗೆ ಹಗುರವಾಗಿ ಒಂದು ನೇರ ಗೆರೆ ಎಳೆಯಿರಿ. ಸಾಮಾನ್ಯವಾಗಿ ಅದರ ಉದ್ದ ಒಂದೂವರೆ ತಲೆಯಷ್ಟು. ಆ ಗೆರೆ ಪುಟದ ಮೇಲೆ ಬೀಳದೆ ಪುಸ್ತಕದ ಅಂಚಿಗೋ ಮಡಿಲಿಗೋ ಹೋದರೆ ಆಮೇಲೆ ಎಷ್ಟು ತಿದ್ದಿದರೂ ವ್ಯಕ್ತಿ ಓದುವಂತೆ ಕಾಣುವುದಿಲ್ಲ. ತಲೆ ಬಾಗಿದಾಗ ನೆತ್ತಿ ಹೆಚ್ಚು ಕಾಣುತ್ತದೆ, ಮೂಗಿನ ತುದಿ ಬಾಯಿಯತ್ತ ಇಳಿಯುತ್ತದೆ, ಕಿವಿ ಕಣ್ಣಿನ ಗೆರೆಗಿಂತ ಮೇಲೇರುತ್ತದೆ. ಕಿವಿಯನ್ನು ಎಂದಿನ ಜಾಗದಲ್ಲೇ ಇಟ್ಟರೆ ತಲೆ ಬಾಗಿದಂತೆ ಕಾಣದೆ ಕತ್ತು ಮುರಿದಂತೆ ಕಾಣುತ್ತದೆ. ಕೈಯನ್ನು ಚಿಕ್ಕದಾಗಿ ಬಿಡಿಸುವುದು ಎಲ್ಲರ ಚಾಳಿ. ಮಣಿಕಟ್ಟಿನಿಂದ ಬೆರಳ ತುದಿಯವರೆಗಿನ ಉದ್ದ ಗದ್ದದಿಂದ ಹಣೆಯ ಕೂದಲಂಚಿನಷ್ಟು ಇರಬೇಕು. ಹೆಬ್ಬೆರಳು ಪುಟವನ್ನು ಒತ್ತಿರಲಿ, ಇಲ್ಲದಿದ್ದರೆ ಪುಸ್ತಕ ಗಾಳಿಯಲ್ಲಿ ತೇಲುತ್ತದೆ.

ಇನ್ನು ಬಣ್ಣ. ಪುಟದ ಮೇಲೆ ಬಿದ್ದ ಬೆಳಕು ಮುಖದ ಕೆಳಭಾಗಕ್ಕೆ, ಅಂದರೆ ಗದ್ದದಡಿ, ಮೂಗಿನಡಿ, ಮೇಲ್ರೆಪ್ಪೆಗೆ, ಪುಟಿಯುತ್ತದೆ. ಓದುವವರ ಮುಖಕ್ಕೆ ಇದೇ ಜೀವ. 1655ರಲ್ಲಿ ಡಚ್ ಚಿತ್ರಕಾರ ರೆಂಬ್ರಾಂಟ್ ಬಿಡಿಸಿದ ಓದುವ ಮುದುಕಿಯ ಮುಖವನ್ನು ಬೆಳಗಿಸುವುದೂ ಅವಳ ಕೈಯಲ್ಲಿನ ಪುಸ್ತಕವೇ. ಜಲವರ್ಣದಲ್ಲಿ ಆ ಬೆಳಕನ್ನು ಕೊನೆಗೆ ಸೇರಿಸಲು ಬರುವುದಿಲ್ಲ, ಆದ್ದರಿಂದ ಮೊದಲು ಇಡೀ ಮುಖಕ್ಕೆ ತೆಳು ಓಕರ್ ಬಳಿದು ಪೂರ್ತಿ ಒಣಗಿಸಿ. ಅದರ ಮೇಲೆ ಸಿಯೆನಾಗೆ ಚೂರು ಕ್ರಿಮ್ಸನ್ ಬೆರೆಸಿ ಹಚ್ಚುವಾಗ ಆ ಮೂರು ಜಾಗ ಬಿಟ್ಟು ಹೋಗಿ. ಕತ್ತಿನ ನೆರಳಿಗೆ ಅದೇ ಮಿಶ್ರಣಕ್ಕೆ ಸ್ವಲ್ಪ ಅಲ್ಟ್ರಾಮರೀನ್.

ಜುಲೈ–ಆಗಸ್ಟಿನ ಮೋಡದ ದಿನಗಳಲ್ಲಿ ಕಾಗದ ಒಣಗಲು ಫೆಬ್ರುವರಿಗಿಂತ ಬಹಳ ಹೊತ್ತು ಬೇಕು. ಅಂಗೈಯ ಹಿಂಬದಿಯನ್ನು ಕಾಗದಕ್ಕೆ ಹತ್ತಿರ ಹಿಡಿಯಿರಿ. ತಣ್ಣಗೆನಿಸಿದರೆ ಒಳಗೆ ಇನ್ನೂ ನೀರಿದೆ. ಆಗ ಅವಸರಪಟ್ಟು ಎರಡನೇ ಪದರ ಹಚ್ಚಿದರೆ ಕೆನ್ನೆಯ ಮೇಲೆ ಹೂಕೋಸಿನಂಥ ಕಲೆ ಏಳುತ್ತದೆ.

ಪುಟವನ್ನು ಪೂರ್ತಿ ಬಿಳಿ ಬಿಡಬೇಡಿ. ಬಿಸಿಲು ಬಿದ್ದ ಪುಟ ಮಾತ್ರ ಕಾಗದದ ಬಿಳಿ, ಪಕ್ಕದ್ದಕ್ಕೆ ನೀಲಿ-ಬೂದು ತೆಳು ಪದರ. ಅಕ್ಷರ ಬರೆಯಲು ಹೋಗಬೇಡಿ. ಓದಲು ಬರುವ ಅಕ್ಷರ ಸಿಕ್ಕರೆ ನೋಡುವವರ ಕಣ್ಣು ಮುಖ ಬಿಟ್ಟು ಅಲ್ಲಿಗೇ ಹೋಗುತ್ತದೆ. ಪುಟದ ಬಾಗಿಗೆ ತಕ್ಕಂತೆ ಬಾಗುವ ನಾಲ್ಕೈದು ಬೂದು ಪಟ್ಟಿ ಸಾಕು.

ರೆಪ್ಪೆ ಕೊನೆಯ ಕೆಲಸ. ಒಂದೇ ದಪ್ಪದ ಕಪ್ಪು ಗೆರೆ ಎಳೆದರೆ ನಿದ್ದೆ ಹೋದಂತೆ ಕಾಣುತ್ತದೆ. ಗೆರೆ ನಡುವೆ ದಪ್ಪವಾಗಿ ಎರಡೂ ತುದಿಗೆ ಸಣ್ಣಗಾಗಲಿ, ಕೆಳಗೆ ಕಣ್ಣುಗುಡ್ಡೆಯ ಒಂದು ಕಿರಿದಾದ ಗಾಢ ಸೀಳು ಉಳಿಯಲಿ, ಹುಬ್ಬು ಕೂದಲೆಳೆಯಷ್ಟು ಮೇಲಿರಲಿ. ಕನ್ನಡಕವಿದ್ದರೆ ಅದು ಮೂಗಿನ ತುದಿಯತ್ತ ಜಾರಿರುತ್ತದೆ. ಗಾಜಿನ ಮೇಲೆ ಪುಟದ ಬಿಳಿ ತುಣುಕೊಂದನ್ನು ಬಿಟ್ಟರೆ ಒಂದು ಕಣ್ಣನ್ನು ಬಿಡಿಸುವ ಕಷ್ಟವೇ ತಪ್ಪುತ್ತದೆ.