ಬಸ್ಸು, ಮೆಟ್ರೋಗೆ ಜನರನ್ನು ಕರೆಯೋ ಕೆಲಸ: ನನ್ನ ಅನುಭವ

ನನ್ನ ಮೊದಲ ಕೆಲಸದ ಹೆಸರು ಕೇಳೋಕೆ ದೊಡ್ಡದು: ಮಾರ್ಕೆಟಿಂಗ್ ಅಂಡ್ ಕಮ್ಯುನಿಕೇಶನ್ಸ್ ಅಸೋಸಿಯೇಟ್. ಅಮ್ಮ ಮಾತ್ರ ನೆಂಟರ ಹತ್ತಿರ "ಬಸ್ಸು, ಮೆಟ್ರೋಗೆ ಜನರನ್ನು ಕರೆಯೋ ಕೆಲಸ" ಅಂತ ಹೇಳುತ್ತಿದ್ದರು. ಅಮ್ಮ ಹೇಳಿದ್ದೇ ಸರಿ.

ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ಅಪಾರ್ಟ್‌ಮೆಂಟುಗಳಿಗೆ, ಕಂಪನಿಗಳಿಗೆ ಹೋಗಿ, ಕಾರು ಬೈಕು ಬಿಟ್ಟು ಬಸ್ಸು ಮೆಟ್ರೋ ಹಿಡಿಯಿರಿ ಅಂತ ಜನರನ್ನು ಒಪ್ಪಿಸುವುದು ನಮ್ಮ ಪುಟ್ಟ ಸಂಸ್ಥೆಯ ಕೆಲಸ. ನಾನು ಸೇರಿದ್ದು 2023ರ ಶುರುವಿನಲ್ಲಿ. ಆ ಮಾರ್ಚ್ 25ಕ್ಕೆ ವೈಟ್‌ಫೀಲ್ಡ್‌ನಿಂದ ಕೆ.ಆರ್. ಪುರದವರೆಗೆ ಮೆಟ್ರೋ ಉದ್ಘಾಟನೆ ಆಯಿತು. ಆದರೆ ಕೆ.ಆರ್. ಪುರಕ್ಕೂ ಬೈಯಪ್ಪನಹಳ್ಳಿಗೂ ನಡುವೆ ಸುಮಾರು 2 ಕಿಲೋಮೀಟರ್ ತುಂಡು ಬಾಕಿ ಉಳಿದಿತ್ತು. ಎಂ.ಜಿ. ರೋಡಿಗೆ ಹೋಗುವವರು ಕೆ.ಆರ್. ಪುರದಲ್ಲಿ ಇಳಿದು, ಬಿಎಂಟಿಸಿ ಫೀಡರ್ ಬಸ್ ಹತ್ತಿ, ಬೈಯಪ್ಪನಹಳ್ಳಿಯಲ್ಲಿ ಮತ್ತೆ ಮೆಟ್ರೋ ಹಿಡಿಯಬೇಕು. ಎರಡು ಮೆಟ್ರೋ, ನಡುವೆ ಒಂದು ಬಸ್ಸು, ಎರಡು ಸಲ ಬ್ಯಾಗ್ ತಪಾಸಣೆ. ಕಾರಿನ ಕೀ ಕೈಯಲ್ಲಿ ಹಿಡಿದು ನಿಂತವರಿಗೆ ನಾನು ಇದನ್ನು ಒಪ್ಪಿಸಬೇಕಿತ್ತು.

ಆಫೀಸಿನಲ್ಲಿ ಹಳೆಯ ಪೋಸ್ಟರುಗಳ ಒಂದು ಕಟ್ಟು ಇತ್ತು. ಎಲ್ಲದರಲ್ಲೂ ಹಸಿರು ಎಲೆ, ಭೂಮಿಯ ಗೋಳ, ನಗುತ್ತಿರುವ ಹುಡುಗಿ. ಆ ಹುಡುಗಿ ಕೂತಿದ್ದ ಬಸ್ಸು ಬೆಂಗಳೂರಿನದೇ ಅಲ್ಲ! ಇಂಥ ಪೋಸ್ಟರ್ ನೋಡಿ ಯಾರೂ ಬೇಡ ಅನ್ನುವುದಿಲ್ಲ, ಹಾಗಂತ ಯಾರೂ ಬಸ್ ಹತ್ತುವುದೂ ಇಲ್ಲ. ಕಾರ್ಬನ್ ವಿಷಯ ಅಪಾರ್ಟ್‌ಮೆಂಟಿನವರಿಗೆ ನಮಗಿಂತ ಜಾಸ್ತಿ ಗೊತ್ತು. ಅಲ್ಲಿನ ಸಭೆಗಳಲ್ಲಿ ಕೂತು ಕೇಳಿದರೆ ಬರುವ ಪ್ರಶ್ನೆಗಳೇ ಬೇರೆ. ಗೇಟಿನಿಂದ ಎಡಕ್ಕಾ ಬಲಕ್ಕಾ? ಬಸ್ಸು ನಿಜವಾಗಿ ಎಲ್ಲಿ ನಿಲ್ಲುತ್ತೆ? ಚಿಲ್ಲರೆ ಇಲ್ಲದಿದ್ದರೆ ಕಂಡಕ್ಟರ್ ಬೈತಾರಾ? ವಾಪಸ್ ಬರುವಾಗ ಮಳೆ ಹಿಡಿದರೆ?

ಈ ಪ್ರಶ್ನೆಗಳಿಗೆ ಉತ್ತರ ನನಗೂ ಪೂರ್ತಿ ಗೊತ್ತಿರಲಿಲ್ಲ. ಗೊತ್ತಿದ್ದವರು ಅದೇ ಕಟ್ಟಡದಲ್ಲಿದ್ದರು. ಬೆಳಿಗ್ಗೆ ಏಳರಿಂದ ಒಂಬತ್ತರ ತನಕ ಗೇಟಿನ ಪಕ್ಕ ನಿಂತರೆ ಸಾಕು. ಅಡುಗೆಯವರು, ಮನೆಕೆಲಸದವರು, ಹೌಸ್‌ಕೀಪಿಂಗ್‌ನವರು ಒಬ್ಬೊಬ್ಬರಾಗಿ ರಿಜಿಸ್ಟರ್‌ನಲ್ಲಿ ಸಹಿ ಹಾಕಿ ಒಳಗೆ ಬರುತ್ತಾರೆ. ಬಹಳಷ್ಟು ಜನ ಬರುವುದು ಬಸ್ಸಿನಲ್ಲೇ. ಕುಂದಲಹಳ್ಳಿ ಹತ್ತಿರದ ಒಂದು ಅಪಾರ್ಟ್‌ಮೆಂಟಿನಲ್ಲಿ ಅಡುಗೆ ಮಾಡುವ ಅಕ್ಕ ಒಬ್ಬರನ್ನು ಕೇಳಿದೆ.

"ಅಕ್ಕಾ, ನೀವು ಎಲ್ಲಿಂದ ಬರ್ತೀರಿ?"

"ಕಾಡುಗೋಡಿ ಮೇಡಂ. 335-ಇ. ಏಳೂವರೆ ಒಳಗೆ ಹತ್ತಿದ್ರೆ ಸೀಟು ಸಿಗುತ್ತೆ. ಅದಾದ್ಮೇಲೆ ಕಂಬಿ ಹಿಡ್ಕೊಂಡು ನಿಲ್ಲೋದೇ."

"ವಾಪಸ್ ಹೋಗೋವಾಗ?"

"ಸ್ಟಾಪಲ್ಲಿ ನಿಲ್ಲಬೇಡಿ. ಶೆಲ್ಟರ್ ಇದೆಯಲ್ಲ, ಅದರ ಮುಂದೆ ಆಟೋ ನಿಲ್ಲಿಸಿರ್ತಾರೆ, ಬಸ್ಸು ಒಳಗೆ ಬರಲ್ಲ. ಎಳನೀರು ಗಾಡಿ ಹತ್ರ ನಿಲ್ಲಿ. ಡ್ರೈವರಣ್ಣಂಗೂ ಅದೇ ಅಭ್ಯಾಸ."

ಈ ಮಾಹಿತಿ ಯಾವ ಆ್ಯಪ್‌ನಲ್ಲೂ ಇಲ್ಲ. ನಮ್ಮ ಪ್ರಚಾರ ಯಾರಿಗಾಗಿ ಅಂತ ಲೆಕ್ಕ ಹಾಕಿದ್ದೆವೋ ಅವರು ಲಿಫ್ಟ್‌ನಿಂದ ನೇರ ಬೇಸ್‌ಮೆಂಟಿಗೆ ಇಳಿದು ಕಾರು ಹತ್ತುತ್ತಾರೆ. ಬಸ್ಸಿನ ಬಗ್ಗೆ ಎಲ್ಲ ಗೊತ್ತಿರುವವರು ಸರ್ವಿಸ್ ಲಿಫ್ಟ್‌ನಲ್ಲಿ ಬಂದು ಹೋಗುತ್ತಾರೆ. ಇಬ್ಬರೂ ದಿನಾ ಒಂದೇ ಅಡುಗೆಮನೆಯಲ್ಲಿ ನಿಂತು ಮಾತಾಡುತ್ತಾರೆ, ಬಸ್ಸಿನ ಮಾತೊಂದು ಬಿಟ್ಟು. ನನ್ನ ಕೆಲಸ ಇದಿಷ್ಟೇ ಅಂತ ಆಮೇಲೆ ಅನ್ನಿಸತೊಡಗಿತು: ಒಬ್ಬರಿಗೆ ಗೊತ್ತಿರುವುದನ್ನು ಇನ್ನೊಬ್ಬರ ಕಣ್ಣಿಗೆ ಬೀಳುವ ಜಾಗದಲ್ಲಿ ಬರೆದು ಅಂಟಿಸುವುದು.

ಲಿಫ್ಟ್ ಒಳಗೆ ಅಂಟಿಸಿದ ನಮ್ಮ ಮೊದಲ ಹಾಳೆ ಹೀಗಿತ್ತು. ಮೇಲೆ ದೊಡ್ಡದಾಗಿ 335-ಇ. ಕೆಳಗೆ: "ಗೇಟಿನಿಂದ ಎಡಕ್ಕೆ ತಿರುಗಿ. ಮೆಡಿಕಲ್ ಶಾಪ್ ದಾಟಿ. ಶೆಲ್ಟರ್ ಬಿಟ್ಟು ಮುಂದೆ, ಎಳನೀರು ಗಾಡಿ ಹತ್ತಿರ ನಿಲ್ಲಿ. ಏಳೂವರೆ ಒಳಗೆ ಬಂದರೆ ಸೀಟು ಸಿಗುವ ಸಾಧ್ಯತೆ ಜಾಸ್ತಿ." ಅದರ ಕೆಳಗೆ ಗೇಟಿನಿಂದ ಮೆಟ್ರೋ ನಿಲ್ದಾಣಕ್ಕೆ ನಡೆಯುವ ದಾರಿ, ಯಾವ ಕಡೆಯ ಮೆಟ್ಟಿಲು ಹತ್ತಬೇಕು, ಕೆ.ಆರ್. ಪುರದಲ್ಲಿ ಇಳಿದ ಮೇಲೆ ಫೀಡರ್ ಬಸ್ ಎಲ್ಲಿ ನಿಂತಿರುತ್ತದೆ ಅನ್ನುವುದು. ಊರಿನ ಪೂರ್ತಿ ನಕ್ಷೆ ಹಾಕಲಿಲ್ಲ. ಆ ಗೇಟಿನಿಂದ ಹೊರಡುವ ದಾರಿ ಮಾತ್ರ. ಪಕ್ಕದ ಅಪಾರ್ಟ್‌ಮೆಂಟಿಗೆ ಬೇರೆಯದೇ ಹಾಳೆ. ಎಳನೀರು ಗಾಡಿ ನೋಡಿ ನಮ್ಮ ಬಾಸ್ ಹುಬ್ಬೇರಿಸಿದರು. "ಗಾಡಿ ಒಂದಿನ ಬರದಿದ್ರೆ?" "ಬಸ್ಸಿಗಿಂತ ಅವರೇ ಟೈಮಿಗೆ ಸರಿಯಾಗಿ ಬರ್ತಾರೆ ಸರ್" ಅಂದೆ. ನಕ್ಕು ಸಹಿ ಹಾಕಿದರು.

ಬಸ್ ನಂಬರ್ ದೊಡ್ಡದಾಗಿ ಹಾಕಿದ್ದಕ್ಕೆ ಕಾರಣ ಇದೆ. ಆ ಕಡೆ ಕನ್ನಡ ಓದಲು ಬಾರದವರು ತುಂಬಾ ಜನ. ಬೋರ್ಡಿನಲ್ಲಿ ಅವರಿಗೆ ಹಿಡಿಯಲು ಸಿಗುವುದು ನಂಬರ್ ಒಂದೇ. ಹಾಗಾಗಿ ನಂಬರನ್ನೇ ಸ್ವಲ್ಪ ಬಿಡಿಸಿ ಹೇಳುತ್ತಿದ್ದೆ. 335 ಅಂದರೆ ಸಾಮಾನ್ಯವಾಗಿ ಹಳೇ ಏರ್‌ಪೋರ್ಟ್ ರಸ್ತೆ ಹಿಡಿದು ವೈಟ್‌ಫೀಲ್ಡ್, ಕಾಡುಗೋಡಿ ಕಡೆ. 500 ಅಂದರೆ ಬಹುಪಾಲು ಹೊರ ವರ್ತುಲ ರಸ್ತೆ. ಮುಂದಿನ ಅಕ್ಷರ ಬದಲಾದರೆ ದಾರಿಯೂ ಸ್ವಲ್ಪ ಬದಲಾಗುತ್ತದೆ. ಇಷ್ಟು ಗೊತ್ತಾದರೆ ಹೊಸಬರಿಗೂ ಧೈರ್ಯ ಬರುತ್ತದೆ.

ವಾಟ್ಸ್ಆ್ಯಪ್ ಗ್ರೂಪುಗಳ ಬಗ್ಗೆ ಜಾಸ್ತಿ ಹೇಳೋಕೆ ಏನಿಲ್ಲ. ಹೊರಗಿನವರು ಬಂದು ಮೆಸೇಜ್ ಹಾಕಿದರೆ ಜಾಹೀರಾತು ಅಂತ ತೆಗೆದುಹಾಕುತ್ತಾರೆ. ಅಸೋಸಿಯೇಷನ್ ಕಾರ್ಯದರ್ಶಿಯ ಕೈಯಲ್ಲೇ ಹಾಕಿಸಬೇಕು, ಅದೂ ಭಾನುವಾರ ರಾತ್ರಿ, ಜನ ಸೋಮವಾರದ ಟ್ರಾಫಿಕ್ ನೆನೆಸಿಕೊಂಡು ಬೇಜಾರಲ್ಲಿ ಇರುವಾಗ.

ಅದಕ್ಕಿಂತ ಕೆಲಸಕ್ಕೆ ಬಂದದ್ದು ಶನಿವಾರ ಜೊತೆಯಾಗಿ ಹೋಗಿ ಬರುವುದು. ಸಿಂಗಾಪುರ, ಲಂಡನ್‌ನಲ್ಲಿ ಆರಾಮಾಗಿ ರೈಲು ಹತ್ತಿಳಿದವರು ಇಲ್ಲಿ ಕಂಡಕ್ಟರ್ ಮುಂದೆ ತಡಬಡಾಯಿಸುತ್ತಾರೆ. "ಇಳಿಯೋ ಸ್ಟಾಪ್ ಹೆಸರು ಹೇಳಿ, ದುಡ್ಡು ಕೊಡಿ, ಅಷ್ಟೇ" ಅಂತ ಪಕ್ಕದಲ್ಲಿ ನಿಂತು ಹೇಳುವವರು ಒಬ್ಬರು ಬೇಕು. ಮೆಟ್ರೋದಲ್ಲೂ ಹಾಗೇ. 2022ರ ನವೆಂಬರ್‌ನಿಂದಲೇ ವಾಟ್ಸ್ಆ್ಯಪ್‌ನಲ್ಲಿ ಟಿಕೆಟ್ ಸಿಗುತ್ತಿತ್ತು, ಶೇ 5 ರಿಯಾಯಿತಿಯೂ ಇತ್ತು. ಆದರೂ ಜನ ಟೋಕನ್ ಸಾಲಿನಲ್ಲೇ ನಿಲ್ಲುತ್ತಿದ್ದರು. ಒಮ್ಮೆ ಅವರದೇ ಫೋನ್‌ನಲ್ಲಿ ಮಾಡಿ ತೋರಿಸಿದರೆ ಮತ್ತೆ ಸಾಲಿನ ಕಡೆ ತಿರುಗಿಯೂ ನೋಡುವುದಿಲ್ಲ.

ಇದರ ನಡುವೆ 2023ರ ಜೂನ್ 11ಕ್ಕೆ ಶಕ್ತಿ ಯೋಜನೆ, ಅಂದರೆ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ, ಶುರುವಾಯಿತು. ನಮಗೆ ಫೋನೋ ಫೋನು. ನಾನು ಮೊದಲು ಬರೆದದ್ದು ಏನು ಸಿಗುವುದಿಲ್ಲ ಅನ್ನುವುದನ್ನು: ಎ.ಸಿ. ಬಸ್ಸಿಗೆ, ಅಂದರೆ ವಜ್ರ, ವಾಯುವಜ್ರಕ್ಕೆ ಇದು ಅನ್ವಯಿಸುವುದಿಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಬೇಕು. ಬಸ್ ಹತ್ತಿ ಕಂಡಕ್ಟರ್ ಹತ್ತಿರ ವಾದ ಮಾಡಿ ಇಳಿದ ಹೆಂಗಸು ಮತ್ತೆ ಬಸ್ ಕಡೆ ಬರುವುದು ಕಷ್ಟ ಅಲ್ವಾ? ಆಗಲೇ ಕೆಲವರು "ಉಚಿತ ಪ್ರಯಾಣದಿಂದ ರಶ್ ಜಾಸ್ತಿ ಆಯ್ತು, ಇದರ ಬಗ್ಗೆ ಒಂದು ಪೋಸ್ಟ್ ಹಾಕಿ" ಅಂದರು. ಹಾಕಲಿಲ್ಲ. ರಶ್ ಆದರೆ ಬಸ್ಸು ಜಾಸ್ತಿ ಬೇಕು ಅಂತ ಕೇಳಬೇಕೇ ಹೊರತು, ಹತ್ತಿದವರನ್ನು ಬೈಯಬಾರದು. ಅದೂ ನನಗೆ ಎಳನೀರು ಗಾಡಿ ತೋರಿಸಿದವರನ್ನು!

ಲೆಕ್ಕ ಕೊಡುವುದು ಈ ಕೆಲಸದ ತಲೆನೋವು. ಪೋಸ್ಟಿಗೆ ಎಷ್ಟು ಲೈಕ್ ಬಂತು ಅಂತ ಕೇಳುತ್ತಾರೆ. ಲೈಕ್ ಒತ್ತಿದವರು ಅದೇ ಕೈಯಲ್ಲಿ ಸ್ಟೇರಿಂಗ್ ಹಿಡಿದಿರುತ್ತಾರೆ. ನಾನು ನಂಬಿದ್ದು ಬೇಸ್‌ಮೆಂಟನ್ನು. ವಾರದ ದಿನ ಹನ್ನೊಂದು ಗಂಟೆಗೆ ಪಾರ್ಕಿಂಗ್‌ನಲ್ಲಿ ಎಷ್ಟು ಕಾರು ಹಾಗೇ ನಿಂತಿವೆ ಅಂತ ಸೆಕ್ಯುರಿಟಿಯವರನ್ನು ಕೇಳುವುದು. ವರ್ಕ್ ಫ್ರಮ್ ಹೋಮ್‌ನವರು ಯಾರು, ಮೆಟ್ರೋಗೆ ಹೋದವರು ಯಾರು ಅನ್ನುವುದೂ ಅವರಿಗೆ ಗೊತ್ತು.

ಅದೇ ವರ್ಷ ಅಕ್ಟೋಬರ್ 9ಕ್ಕೆ ಕೆ.ಆರ್. ಪುರ, ಬೈಯಪ್ಪನಹಳ್ಳಿ ನಡುವಿನ ಆ ಬಾಕಿ ತುಂಡು ಯಾವ ಸಮಾರಂಭವೂ ಇಲ್ಲದೆ ಸಂಚಾರಕ್ಕೆ ತೆರೆಯಿತು. ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ ಸುಮಾರು 43 ಕಿಲೋಮೀಟರ್, ಒಂದೇ ರೈಲು. ಅವತ್ತು ಎಲ್ಲರೂ ವಿಡಿಯೋ ಮಾಡುತ್ತಿದ್ದರೆ ನಾವು ಲಿಫ್ಟ್‌ನಿಂದ ಲಿಫ್ಟ್‌ಗೆ ಓಡಾಡಿ ಹಳೆಯ ಹಾಳೆ ಕೀಳುತ್ತಿದ್ದೆವು. ಫೀಡರ್ ಬಸ್ಸಿಗೆ ಇಳಿಯಿರಿ ಅನ್ನುವ ಹಾಳೆ ಒಂದು ದಿನ ಜಾಸ್ತಿ ಉಳಿದರೂ ಯಾರೋ ಸುಮ್ನೆ ಕೆ.ಆರ್. ಪುರದಲ್ಲಿ ಇಳಿದು ಪರದಾಡುತ್ತಾರೆ. ಅಂದಿನಿಂದ ಪ್ರತಿ ಹಾಳೆಯ ಮೂಲೆಯಲ್ಲಿ ದಿನಾಂಕ ಹಾಕುತ್ತೇವೆ.

2025ರ ಫೆಬ್ರುವರಿಯಲ್ಲಿ ಮೆಟ್ರೋ ದರ ಏರಿತು. ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ. ಆ ವಾರ ನಾವು ಯಾವ ಪ್ರಚಾರವನ್ನೂ ಮಾಡಲಿಲ್ಲ. ಯಾವ ಎರಡು ನಿಲ್ದಾಣದ ನಡುವೆ ಈಗ ಎಷ್ಟು, ಬಸ್ಸಿನಲ್ಲಾದರೆ ಎಷ್ಟು ಅಂತ ಒಂದು ಪಟ್ಟಿ ಮಾಡಿ ಕಳಿಸಿದೆವು. ಕೆಲವರು ಅದನ್ನು ನೋಡಿಯೇ ಬಸ್ಸಿಗೆ ಹೋದರು. ಹೋಗಲಿ ಬಿಡಿ, ಕಾರಿಗೆ ಹೋಗಲಿಲ್ಲವಲ್ಲ.

ಅದೇ ವರ್ಷ ಆಗಸ್ಟ್‌ನಲ್ಲಿ ಆರ್.ವಿ. ರೋಡಿನಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಶುರುವಾದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರ ಎಚ್.ಆರ್. "25 ನಿಮಿಷ ಅಂತ ಹಾಕಬೇಡಿ, ಜನ ಹೆದರ್ತಾರೆ" ಅಂದರು. ಅದನ್ನೇ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಹಾಕಿದೆವು, ಕೆಳಗೆ ಆಫೀಸ್ ಬಿಡುವ ಹೊತ್ತಿನ ರೈಲುಗಳ ಸಮಯ ಕೊಟ್ಟೆವು. ಸಮಯ ಗೊತ್ತಿದ್ದವರು ಕಾಫಿ ಕುಡಿದು ಹೊರಡುತ್ತಾರೆ, ಪ್ಲಾಟ್‌ಫಾರ್ಮಿನಲ್ಲಿ ನಿಂತು ಬೈಯುವುದಿಲ್ಲ. ರೈಲುಗಳು ಸೇರಿದ ಹಾಗೆಲ್ಲ ಹಾಳೆ ಬದಲಾಯಿಸಿದೆವು. ಅದೇ ಎಚ್.ಆರ್. ಆಮೇಲೆ ಫೋನ್ ಮಾಡಿ, ಕ್ಯಾಂಟೀನ್ ಬಾಗಿಲಿಗೂ ಒಂದು ಅಂಟಿಸಿ ಅಂತ ಕೇಳಿದರು.