ಸ್ಯಾಕ್ಸ್-ಜಿಮ್ ಬಾಗ್‌ನ ಚಳಿಯಲ್ಲಿ ಹಕ್ಕಿ ನೋಡೋದು, ಫೋಟೋ ತೆಗೆಯೋದು

ಅಮೆರಿಕದ ಮಿನೆಸೋಟಾದಲ್ಲಿರುವ ನಮ್ಮವರು ಜನವರಿ ಬಂತು ಅಂದ್ರೆ ಮನೆಯೊಳಗೇ ಇದ್ದುಬಿಡುತ್ತಾರೆ. ಹಕ್ಕಿ ಹುಚ್ಚು ಇರುವವರಿಗೆ ಮಾತ್ರ ಇದೇ ಸುಗ್ಗಿ ಕಾಲ. ಮಿನಿಯಾಪೊಲಿಸ್‌ನಿಂದ ಉತ್ತರಕ್ಕೆ ಸುಮಾರು ಮೂರು ಗಂಟೆ ಕಾರು ಓಡಿಸಿ, ಡುಲೂತ್‌ನಿಂದ ವಾಯವ್ಯಕ್ಕಿರುವ ಸ್ಯಾಕ್ಸ್-ಜಿಮ್ ಬಾಗ್‌ಗೆ ಹೋಗಿ. ಬಾಗ್ ಅಂದರೆ ಜೌಗು ನೆಲ. ಸುಮಾರು 300 ಚದರ ಮೈಲಿ ಜಾಗ, ಕಪ್ಪು ಸ್ಪ್ರೂಸ್ ಮರ, ಸೂಜಿಯೆಲೆ ಪೂರ್ತಿ ಉದುರಿಸಿ ನಿಂತ ಟ್ಯಾಮರ್ಯಾಕ್ ಮರ, ನಡುನಡುವೆ ಹುಲ್ಲುಗಾವಲು, ಒಂದೆರಡು ಮನೆ.

ಗದಗದ ಹತ್ತಿರ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಬರುತ್ತವಲ್ಲ, ಇಲ್ಲೂ ಹಾಗೇ. ಕೆನಡಾ ಕಾಡಿನ ಎಷ್ಟೋ ಹಕ್ಕಿಗಳಿಗೆ ಈ ಹೆಪ್ಪುಗಟ್ಟಿದ ಜೌಗೇ ದಕ್ಷಿಣ ದೇಶ. ಆದರೆ ಹೆಬ್ಬಾತಿನ ಹಾಗೆ ಇವು ವರ್ಷ ವರ್ಷ ತಪ್ಪದೆ ಬರುವುದಿಲ್ಲ. ಅಲ್ಲಿ ಮರಗಳ ಬೀಜ ಕೈಕೊಟ್ಟರೆ ಬೀಜ ತಿನ್ನೋ ಹಕ್ಕಿಗಳಾದ ಗ್ರೋಸ್‌ಬೀಕ್, ರೆಡ್‌ಪೋಲ್ ಇಳಿದು ಬರುತ್ತವೆ, ವೋಲ್ ಅನ್ನೋ ಮೋಟು ಬಾಲದ ಇಲಿ ಕಡಿಮೆಯಾದರೆ ಗೂಬೆಗಳು ಬರುತ್ತವೆ. 2004-05ರ ಚಳಿಗಾಲದಲ್ಲಿ ಮಿನೆಸೋಟಾದಲ್ಲಿ 5,000ಕ್ಕೂ ಹೆಚ್ಚು ಗ್ರೇಟ್ ಗ್ರೇ ಗೂಬೆಗಳು ಕಂಡಿದ್ದವು. ಕೆಲವು ವರ್ಷ ಒಂದೇ ಒಂದು ಕಾಣೋಕೂ ಎರಡು ದಿನ ಸುತ್ತಬೇಕು. ಅದಕ್ಕೇ ಹೊರಡುವ ಹಿಂದಿನ ದಿನ, ಹಕ್ಕಿ ಕಂಡವರು ಬರೆದಿಡೋ ಜಾಲತಾಣ ಇ-ಬರ್ಡ್‌ನಲ್ಲಿ ಹೊಸದಾಗಿ ಏನು ಕಂಡಿದೆ ಅಂತ ನೋಡಿಕೊಳ್ಳಿ.

ಚಳಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೆಳಗ್ಗೆ ಮೈನಸ್ 25, 30 ಡಿಗ್ರಿ ಸೆಲ್ಸಿಯಸ್ ಇಲ್ಲಿ ಮಾಮೂಲು. ಇಲ್ಲಿಂದ ಅಷ್ಟೇನೂ ದೂರವಿಲ್ಲದ ಟವರ್ ಅನ್ನೋ ಊರಲ್ಲಿ 1996ರ ಫೆಬ್ರವರಿ 2ರಂದು ಮೈನಸ್ 51 ಮುಟ್ಟಿತ್ತು, ರಾಜ್ಯದ ದಾಖಲೆ ಅದು. ಹತ್ತಿಯ ಬನಿಯನ್, ಹತ್ತಿಯ ಸಾಕ್ಸ್ ಬೇಡ, ಬೆವರು ಹೀರಿಕೊಂಡು ಒದ್ದೆಯಾಗಿ ಮೈ ಕೊರೆಯುತ್ತವೆ. ಒಳಗೆ ಉಣ್ಣೆ, ಮೇಲೆ ನಯವಾದ ಪುಕ್ಕ ತುಂಬಿದ ಡೌನ್ ಜಾಕೆಟ್. ಕೈಗೆ ಎರಡು ಪದರ: ಶಟರ್ ಒತ್ತೋಕೆ ತೆಳು ಗ್ಲೌಸ್, ಅದರ ಮೇಲೆ ಬೆರಳೆಲ್ಲ ಒಟ್ಟಿಗಿರುವ ದಪ್ಪ ಮಿಟನ್. ಪೆಟ್ರೋಲ್ ಫುಲ್ ಮಾಡಿಸಿ, ಕಾರಲ್ಲಿ ಕಂಬಳಿ, ಫ್ಲಾಸ್ಕಲ್ಲಿ ಬಿಸಿ ಕಾಫಿ, ಜೊತೆಗೆ ಒಂದಿಷ್ಟು ಚಕ್ಕುಲಿ ಇರಲಿ. ಒಳಗೆ ಅಂಗಡಿ ಸಿಗೋದು ಕಷ್ಟ, ಫೋನ್ ಸಿಗ್ನಲ್ ಕೂಡ ನೆಚ್ಚಿಕೊಳ್ಳುವ ಹಾಗಿಲ್ಲ.

ಸೂರ್ಯ ಹುಟ್ಟೋ ಅರ್ಧ ಗಂಟೆ ಮೊದಲೇ ಅಡ್ಮಿರಲ್ ರಸ್ತೆ ಅಥವಾ ಮೆಕ್‌ಡೇವಿಟ್ ರಸ್ತೆಯಲ್ಲಿರಿ. ನಿಧಾನಕ್ಕೆ, ನಡೆದು ಹೋಗೋ ವೇಗದಲ್ಲಿ ಕಾರು ಬಿಡಿ. ಗೂಬೆ ಹುಡುಕುವಾಗ ಗೂಬೆಯನ್ನು ಹುಡುಕಬೇಡಿ, ಮರದ ತುದಿಯಲ್ಲಿ ಅಥವಾ ಕಾಡಿನ ಅಂಚಿನ ಒಣ ಬೊಡ್ಡೆ ಮೇಲೆ ಯಾವುದು ಸ್ವಲ್ಪ ಜಾಸ್ತಿ ದಪ್ಪ ಕಾಣುತ್ತೆ ಅಂತ ನೋಡಿ. ನಾನು ಮೊದಲ ಸಲ ಕಂಡಿದ್ದು ಹಾಗೇ. ಮುರಿದ ಕೊಂಬೆ ಅಂದುಕೊಂಡಿದ್ದೆ, ಅದು ತಲೆ ತಿರುಗಿಸಿತು. ತಟ್ಟೆಯಷ್ಟು ಅಗಲದ ಮುಖ, ಅದರಲ್ಲಿ ಒಂದರೊಳಗೊಂದು ಬೂದು ಗೆರೆಗಳು, ನಡುವೆ ಎರಡು ಪುಟ್ಟ ಹಳದಿ ಕಣ್ಣು. ನನ್ನ ಕಡೆ ಒಂದು ಸಲ ನೋಡಿ ಮತ್ತೆ ಕೆಳಗಿನ ಹಿಮಕ್ಕೇ ಕಿವಿ ಕೊಟ್ಟಿತು. ಅರ್ಧ ಮೀಟರ್ ಹಿಮದ ಕೆಳಗೆ ಓಡಾಡೋ ವೋಲ್ ಸದ್ದೂ ಅದಕ್ಕೆ ಕೇಳುತ್ತದೆ. ಆಮೇಲೆ ಸದ್ದೇ ಇಲ್ಲದೆ ಹಾರಿ ಬಂದು, ಮೇಲಿಂದ ಧುಮುಕಿ, ಎದೆವರೆಗೂ ಹಿಮದಲ್ಲಿ ಹೂತುಹೋಯಿತು. ನಾನು ಕ್ಯಾಮೆರಾ ಎತ್ತಲೇ ಇಲ್ಲ, ಅದರ ಬಗ್ಗೆ ಇವತ್ತಿಗೂ ಬೇಜಾರಿಲ್ಲ.

ಈಗ ಫೋಟೋ ವಿಷಯ. ಕಾರಿನಿಂದ ಇಳಿಯಬೇಡಿ. ಹಕ್ಕಿಗೆ ಕಾರು ಅಂದರೆ ಭಯ ಕಡಿಮೆ, ಎರಡು ಕಾಲಿನ ಮನುಷ್ಯ ಅಂದರೆ ಜಾಸ್ತಿ. ಕಿಟಕಿ ಮೇಲೆ ಅಕ್ಕಿ ಅಥವಾ ಬೀನ್ಸ್ ತುಂಬಿದ ಬಟ್ಟೆ ಚೀಲ ಇಟ್ಟು ಅದರ ಮೇಲೆ ಲೆನ್ಸ್ ಕೂರಿಸಿ, ಇಂಜಿನ್ ಆಫ್ ಮಾಡಿ. ಹೀಟರನ್ನೂ ಮೊದಲೇ ಆಫ್ ಮಾಡಿ ಕಿಟಕಿ ತೆರೆದು ಕಾರು ತಣ್ಣಗಾಗಲು ಬಿಡಿ. ಇದು ತುಂಬಾ ಜನಕ್ಕೆ ಗೊತ್ತಿಲ್ಲ: ಕಾರಿನ ಬಿಸಿ ಗಾಳಿ ಕಿಟಕಿಯಲ್ಲಿ ಹೊರಗಿನ ತಣ್ಣನೆ ಗಾಳಿಗೆ ಸೇರುವಾಗ, ಬೇಸಿಗೆಯ ಡಾಂಬರು ರಸ್ತೆ ಮೇಲೆ ಕಾಣೋ ಹಾಗೆ ಗಾಳಿ ಅಲೆಯಾಡುತ್ತದೆ. ಎಷ್ಟು ಒಳ್ಳೆ ಲೆನ್ಸ್ ಇದ್ದರೂ ಗರಿಯೆಲ್ಲ ಕಲಸಿ ಬರುತ್ತದೆ. ಆಮೇಲೆ ಲೆನ್ಸನ್ನೇ ದೂರಿ ಏನು ಪ್ರಯೋಜನ ಅಲ್ವಾ?

ಹಿಮದ ಬಿಳಿ ಕ್ಯಾಮೆರಾದ ಮೀಟರಿಗೆ ಮೋಸ ಮಾಡುತ್ತದೆ, ಅದು ಎಲ್ಲವನ್ನೂ ಬೂದಿ ಬಣ್ಣಕ್ಕೆ ಎಳೆಯುತ್ತದೆ. ಹಾಗಾಗಿ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಫೋಟೋ ಎಷ್ಟು ಬೆಳ್ಳಗಿರಬೇಕು ಅನ್ನೋ ಸೆಟ್ಟಿಂಗ್) ಪ್ಲಸ್ 1ರಿಂದ ಶುರು ಮಾಡಿ, ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆ ತೋರಿಸೋ ಚಿತ್ರ) ನೋಡಿಕೊಂಡು ಒಂದೂವರೆವರೆಗೂ ಹೋಗಿ. ಕೂತ ಗೂಬೆಗೆ ಶಟರ್ ವೇಗ 1/500 ಸೆಕೆಂಡ್ ಸಾಕು. ಹಾರುವಾಗ 1/2000 ಬೇಕು, ಬೆಳಕು ಕಡಿಮೆ ಇದ್ದರೆ ಬೆಳಕಿನ ಸೂಕ್ಷ್ಮತೆ ಸೂಚಿಸೋ ಐಎಸ್‌ಒ 3200 ಆದರೂ ಹೆದರಬೇಡಿ. ಬ್ಯಾಟರಿ ಚಳಿಗೆ ಬೇಗ ಸೋಲುತ್ತದೆ, ಎರಡು ಬ್ಯಾಟರಿಗಳನ್ನು ಒಳಗಿನ ಜೇಬಿನಲ್ಲಿ ಮೈಗೆ ತಾಗೋ ಹಾಗೆ ಇಟ್ಟುಕೊಂಡು ಬದಲಾಯಿಸುತ್ತಿರಿ. ಸತ್ತಂತಿದ್ದ ಬ್ಯಾಟರಿ ಬೆಚ್ಚಗಾದ ಮೇಲೆ ಮತ್ತೆ ಸ್ವಲ್ಪ ಹೊತ್ತು ಓಡುತ್ತದೆ.

ಬಿಸಿಲೇರಿದ ಮೇಲೆ ಹಕ್ಕಿಗೆ ಕಾಳು ಇಡುವ ಫೀಡರ್‌ಗಳ ಕಡೆ ಹೋಗಿ. ಔಲ್ ಅವೆನ್ಯೂನಲ್ಲಿ 'ಫ್ರೆಂಡ್ಸ್ ಆಫ್ ಸ್ಯಾಕ್ಸ್-ಜಿಮ್ ಬಾಗ್' ಸಂಸ್ಥೆಯ ಸ್ವಾಗತ ಕೇಂದ್ರ ಇದೆ. ಅಲ್ಲಿಯವರನ್ನು ವಿಚಾರಿಸಿ, ಮ್ಯಾಪ್ ತೆಗೆದುಕೊಳ್ಳಿ, ಕೈ ಬೆಚ್ಚಗೆ ಮಾಡಿಕೊಳ್ಳಿ. ಗುಲಾಬಿ ಬಣ್ಣದ ಪೈನ್ ಗ್ರೋಸ್‌ಬೀಕ್, ಹಣೆ ಮೇಲೆ ಕೆಂಪು ಬೊಟ್ಟಿಟ್ಟ ರೆಡ್‌ಪೋಲ್ ಎಲ್ಲ ಕೈಗೆಟಕುವಷ್ಟು ಹತ್ತಿರ ಬರುತ್ತವೆ. ಬೋರಿಯಲ್ ಚಿಕಡೀ ಅನ್ನೋ ಪುಟ್ಟ ಹಕ್ಕಿ ಬೇಕಿದ್ದರೆ ಮತ್ತೆ ಅಡ್ಮಿರಲ್ ರಸ್ತೆಯ ಫೀಡರ್ ಹತ್ತಿರವೇ ಸುಮ್ನೆ ಒಂದು ಗಂಟೆ ಕೂತಿರಿ. ಅದರ ನೆತ್ತಿ ಕಂದು, ಮಾಮೂಲಿ ಚಿಕಡೀಯದ್ದು ಕಪ್ಪು. ಕೆನಡಾ ಜೇ ಅನ್ನೋ ಹಕ್ಕಿ ಸಿಕ್ಕರೆ ಅದು ತುತ್ತನ್ನು ಎಲ್ಲಿಗೆ ಒಯ್ಯುತ್ತೆ ನೋಡಿ. ಅಂಟು ಜೊಲ್ಲಿನಿಂದ ತೊಗಟೆ ಸಂದಿಗೆ ಮೆತ್ತಿ, ಮುಂದಿನ ಹಸಿವಿಗೆ ಕೂಡಿಡುತ್ತದೆ.

ಒಂದು ಮಾತು ಖಡಾಖಂಡಿತ. ಫೋಟೋಗೋಸ್ಕರ ಅಂಗಡಿಯಿಂದ ಇಲಿ ತಂದು ಗೂಬೆಯನ್ನು ಕರೆಯಬೇಡಿ. ಕಾರುಗಳ ಹತ್ತಿರ ಬರೋದು ಅಭ್ಯಾಸವಾದ ಗೂಬೆ ರಸ್ತೆಯಲ್ಲೇ ಸಾಯುತ್ತದೆ. ಫೋನಿನಲ್ಲಿ ಹಕ್ಕಿ ಕೂಗು ಹಾಕಿ ಹಾರಿಸುವುದೂ ಬೇಡ. ಈ ಚಳಿಯಲ್ಲಿ ಸುಮ್ನೆ ಹಾರಿದ ಒಂದೊಂದು ಹಾರಾಟಕ್ಕೂ ಅದು ಹೊಟ್ಟೆಯಿಂದ ಲೆಕ್ಕ ಕೊಡಬೇಕು. ಪುಟ್ಟ ಚಿಕಡೀ ರಾತ್ರಿ ಕೊಬ್ಬು ಉಳಿಸೋಕೆ ಮೈಯ ಶಾಖವನ್ನೇ ಸುಮಾರು ಹತ್ತು ಡಿಗ್ರಿ ಇಳಿಸಿಕೊಂಡು ಮಲಗುತ್ತದೆ. ರಸ್ತೆ ಪಕ್ಕದ ಜಾಗ ಎಷ್ಟೋ ಕಡೆ ಖಾಸಗಿ ಜಮೀನು, ಕೇಳದೆ ಒಳಗೆ ಹೋಗಬೇಡಿ. ಕಾರನ್ನು ತೀರಾ ಅಂಚಿಗೂ ಒಯ್ಯಬೇಡಿ, ಹಿಮ ಸಮತಟ್ಟಾಗಿ ಕಂಡರೂ ಕೆಳಗೆ ಚರಂಡಿ ಇರುತ್ತದೆ.

ಡಿಸೆಂಬರ್, ಜನವರಿಯಲ್ಲಿ ಸಂಜೆ ಐದರ ಸುಮಾರಿಗೇ ಕತ್ತಲು. ಗೂಬೆಗೆ ಇನ್ನೊಂದು ಅವಕಾಶ ಇರೋದು ಕತ್ತಲಾಗುವ ಮುಂಚಿನ ಆ ಒಂದು ಗಂಟೆಯಲ್ಲಿ. ಅದು ಮುಗಿದ ಮೇಲೆ ಕ್ಯಾಮೆರಾವನ್ನು ಹಾಗೇ ಬಿಸಿ ರೂಮಿಗೆ ಒಯ್ಯಬೇಡಿ. ಒಂದು ಸಲ ಹೀಗೆ ಒಯ್ದು ನನ್ನ ಲೆನ್ಸ್ ಒಳಗೆಲ್ಲ ಮಂಜು ಕಟ್ಟಿತ್ತು. ಮರುದಿನ ಬೆಳಗಿನ ಜಾವದ ಬೆಳಕು ಪೂರ್ತಿ ಕೈತಪ್ಪಿತು. ಹೊರಗಿರುವಾಗಲೇ ಮೆಮೊರಿ ಕಾರ್ಡ್ ತೆಗೆದುಕೊಂಡು, ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಾಳಿಯಾಡದಂತೆ ಮುಚ್ಚಿ. ಎರಡು ಮೂರು ಗಂಟೆ ಬಿಟ್ಟು ತೆರೆಯಿರಿ. ಬ್ಯಾಟರಿಗಳನ್ನು ಚಾರ್ಜಿಗೆ ಹಾಕಿ, ಅಲಾರಂ ಐದೂವರೆಗೆ ಇಟ್ಟು ಮಲಗಿ.